ಟೊಮೆಟೊ: ಏರಿಕೆಯೊಳಗೇ ಇರುವ ಇಳಿಕೆ

2023ರಲ್ಲಿ ಟೊಮೆಟೊ ಮೂರು ಬಾರಿ ಸುದ್ದಿಯಾಯಿತು. ಬೇಸಿಗೆಯಲ್ಲಿ ಮಹಾರಾಷ್ಟ್ರದ ನಾಸಿಕ್ ಭಾಗದ ರೈತರು ಕೆ.ಜಿ.ಗೆ ಎರಡು ಮೂರು ರೂಪಾಯಿಯೂ ಗಿಟ್ಟದೆ ಹಣ್ಣನ್ನು ರಸ್ತೆಗೆ ಸುರಿದರು. ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿನ ಹರಾಜು 2,000 ರೂಪಾಯಿ ದಾಟಿತು. ನಗರಗಳ ಅಂಗಡಿಗಳಲ್ಲಿ ಕೆ.ಜಿ.ಗೆ ನೂರು, ಕೆಲವೆಡೆ ಇನ್ನೂರು ರೂಪಾಯಿ ಆಯಿತು. ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಅದೇ ನಾಸಿಕ್‌ನಲ್ಲಿ, ಆಂಧ್ರದಲ್ಲಿ ರೈತರು ಹಣ್ಣು ಸುರಿಯತೊಡಗಿದರು. ಮೊದಲ ಸುದ್ದಿಯಲ್ಲಿ ರೈತನ ಕಣ್ಣೀರು, ಎರಡನೆಯದರಲ್ಲಿ ಗೃಹಿಣಿಯ ಕಣ್ಣೀರು, ಮೂರನೆಯದರಲ್ಲಿ ಪುನಃ ರೈತನ ಕಣ್ಣೀರು. ತಪ್ಪು ಹೊರಿಸಲು ಒಮ್ಮೆ ಸರ್ಕಾರ ಸಿಕ್ಕಿತು, ಒಮ್ಮೆ ದಲ್ಲಾಳಿ, ಒಮ್ಮೆ ಮಳೆ. ಇವನ್ನು ಮೂರು ಬೇರೆ ಬೇರೆ ಸುದ್ದಿಗಳೆಂದು ಓದಿದ್ದರಿಂದಲೇ ನಮಗೆ ವಿಷಯ ಕೈತಪ್ಪಿತು ಎಂಬುದು ಈ ಬರಹದ ವಾದ. ಅದು ಒಂದೇ ಸುದ್ದಿ. ಜುಲೈನ ಬೆಲೆಯನ್ನು ಬೇಸಿಗೆಯ ಬೆಲೆ ಹುಟ್ಟಿಸಿತು, ಸೆಪ್ಟೆಂಬರಿನ ಬೆಲೆಯನ್ನು ಜುಲೈ ಹುಟ್ಟಿಸಿತು. ಈ ಸರಪಣಿಯನ್ನು ಅರ್ಥಶಾಸ್ತ್ರಜ್ಞರು ಸುಮಾರು ನೂರು ವರ್ಷಗಳಿಂದ ಬಲ್ಲರು. ಅವರ ತಿಳಿವಳಿಕೆ ನಮ್ಮ ದಿನಪತ್ರಿಕೆಯ ಮುಖಪುಟಕ್ಕೆ ಮಾತ್ರ ಇನ್ನೂ ಇಳಿದಿಲ್ಲ.

ಮೊದಲು ಬೆಳೆಯ ಲೆಕ್ಕ ನೋಡೋಣ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿಯ ಕಡೆ ಈಗ ಯಾರೂ ಹೊಲದಲ್ಲೇ ಬೀಜ ಎರಚುವುದಿಲ್ಲ. ನರ್ಸರಿಯವರು ಪ್ಲಾಸ್ಟಿಕ್ ಟ್ರೇಗಳಲ್ಲಿ, ತೆಂಗಿನ ನಾರಿನ ಪುಡಿ ತುಂಬಿದ ಗುಳಿಗೊಂದರಂತೆ ಬೀಜ ಹಾಕಿ ಸಸಿ ಎಬ್ಬಿಸುತ್ತಾರೆ. ಅದಕ್ಕೆ 25ರಿಂದ 30 ದಿನ ಬೇಕು. ರೈತ ಏರುಮಡಿ ಮಾಡಿ, ಡ್ರಿಪ್ ಪೈಪು ಎಳೆದು, ಮೇಲೆ ಮಲ್ಚಿಂಗ್ ಶೀಟು ಹೊದಿಸಿ, ತೂತು ಮಾಡಿ ಸಸಿ ನಾಟಿ ಮಾಡುತ್ತಾನೆ. ಗಿಡ ಮೇಲೆದ್ದಂತೆ ಕಡ್ಡಿ ನೆಟ್ಟು ದಾರ ಕಟ್ಟಬೇಕು, ಔಷಧಿ ಹೊಡೆಯಬೇಕು. ನಾಟಿಯಾಗಿ 60-70 ದಿನಕ್ಕೆ ಮೊದಲ ಹಣ್ಣು ಬಿಡಿಸಲು ಬರುತ್ತದೆ. ಅಲ್ಲಿಂದ ಒಂದೂವರೆ ಎರಡು ತಿಂಗಳು ದಿನ ಬಿಟ್ಟು ದಿನವೋ ಎರಡು ದಿನಕ್ಕೊಮ್ಮೆಯೋ ಬಿಡಿಸುತ್ತಲೇ ಇರಬೇಕು. ಅಷ್ಟರಲ್ಲಿ ಎಕರೆಗೆ ಲಕ್ಷ ರೂಪಾಯಿ ಮೀರಿ ಖರ್ಚಾಗಿರುತ್ತದೆ. ಹಣ್ಣಾದ ಮೇಲೆ ಕಾಯುವಂತಿಲ್ಲ. ಬೆಲೆ ಬಿತ್ತೆಂದು ಒಂದು ವಾರ ಗಿಡದಲ್ಲೇ ಬಿಟ್ಟರೆ ಹಣ್ಣು ಮೆತ್ತಗಾಗಿ ಉದುರುತ್ತದೆ. ಬಿಡಿಸುವ ಕೂಲಿ, ಲಾರಿ ಬಾಡಿಗೆ, ಮಂಡಿಯ ಖರ್ಚು ಕಳೆದು ಏನೂ ಉಳಿಯದ ದಿನ ಬಿಡಿಸದೆ ಬಿಡುವುದೇ ಲಾಭ. ಅಂದರೆ ಎಷ್ಟು ಬೆಳೆಯಬೇಕೆಂಬ ತೀರ್ಮಾನಕ್ಕೂ ಆ ಬೆಳೆ ಹರಾಜುಕಟ್ಟೆ ಏರುವುದಕ್ಕೂ ನಡುವೆ ಎರಡೂವರೆಯಿಂದ ಮೂರು ತಿಂಗಳು ಅಂತರವಿದೆ, ಒಮ್ಮೆ ತೀರ್ಮಾನವಾಯಿತೆಂದರೆ ಹಿಂದೆ ಸರಿಯಲು ದಾರಿಯಿಲ್ಲ.

ಈಗ ಕ್ಯಾಲೆಂಡರನ್ನು ಹಿಂದಕ್ಕೆ ತಿರುಗಿಸಿ. ಜುಲೈನಲ್ಲಿ ಮಾರುಕಟ್ಟೆಗೆ ಬರಬೇಕಿದ್ದ ಹಣ್ಣಿನ ಸಸಿ ಏಪ್ರಿಲ್ ಕೊನೆಯಲ್ಲಿ, ಮೇ ತಿಂಗಳಲ್ಲಿ ನಾಟಿಯಾಗಬೇಕಿತ್ತು. ರಸ್ತೆಯ ಬದಿ ಹಣ್ಣು ಕೊಳೆಯುತ್ತಿದ್ದ ಹೊತ್ತು ಅದು. ಆ ವಾರಗಳಲ್ಲಿ ಮತ್ತೆ ಟೊಮೆಟೊಗೆ ದುಡ್ಡು ಹಾಕುವ ಧೈರ್ಯ ಯಾರಿಗಿತ್ತು? ಹಲವರು ಬೇರೆ ಬೆಳೆಗೆ ಹೋದರು, ಇದ್ದ ತೋಟಕ್ಕೂ ಔಷಧಿ ಹೊಡೆಯುವುದನ್ನು ಬಿಟ್ಟರು. ಜುಲೈನ ಕೊರತೆ ಆಗಲೇ ಹೊಲದಲ್ಲಿ ಬರೆದಾಗಿತ್ತು. ಇನ್ನು ಮುಂದಕ್ಕೆ ತಿರುಗಿಸಿ. ಜುಲೈ ಮೊದಲ ವಾರದಲ್ಲಿ ಬಾಕ್ಸಿನ ಬೆಲೆ ಕೇಳಿ ನಾಟಿ ಮಾಡಿದವರ ಹಣ್ಣು ಸೆಪ್ಟೆಂಬರಿಗೆ ಸರಿಯಾಗಿ ಬಂತು. ನೂರು ಊರುಗಳಲ್ಲಿ ಸಾವಿರಾರು ಜನ ಒಂದೇ ಬೆಲೆ ಕೇಳಿ ಒಂದೇ ತೀರ್ಮಾನ ತೆಗೆದುಕೊಂಡಿದ್ದರು. ದರ ಕುಸಿಯಲು ಹೊಸ ಕಾರಣವೇನೂ ಬೇಕಾಗಿರಲಿಲ್ಲ.

ಈ ಓಲಾಟವನ್ನು ವಿದ್ವಾಂಸರು ಮೊದಲು ಗಮನಿಸಿದ್ದು ತರಕಾರಿಯಲ್ಲಲ್ಲ, ಹಂದಿ ಸಾಕಣೆಯಲ್ಲಿ. 1920ರ ದಶಕದ ಕೊನೆಯಲ್ಲಿ ಜರ್ಮನಿಯ ಆರ್ಥರ್ ಹಾನಾವ್ ಹಂದಿಮಾಂಸದ ಬೆಲೆಗಳ ಪಟ್ಟಿ ಹಿಡಿದು ಕೂತು, ಏರಿಳಿತ ಮನಬಂದಂತೆ ಆಗುತ್ತಿಲ್ಲ, ಮರಿ ಹಾಕಿಸಿ ಕೊಬ್ಬಿಸುವುದಕ್ಕೆ ಹಿಡಿಯುವ ಕಾಲದ ಜತೆ ತಾಳ ಹಾಕುತ್ತಿದೆ ಎಂದು ತೋರಿಸಿದರು. 1934ರಲ್ಲಿ ನಿಕೋಲಸ್ ಕಾಲ್ಡರ್ ಇದಕ್ಕೆ ಜೇಡರಬಲೆ ಸಿದ್ಧಾಂತವೆಂದು ಹೆಸರಿಟ್ಟರು. ಬೆಲೆ ಮತ್ತು ಪ್ರಮಾಣದ ಗೆರೆಗಳನ್ನು ಕಾಗದದ ಮೇಲೆ ಎಳೆಯುತ್ತ ಹೋದರೆ ಚಿತ್ರ ಹಾಗೇ ಕಾಣುತ್ತದೆ. 1938ರಲ್ಲಿ ಅಮೆರಿಕದ ಮಾರ್ಡಿಕೈ ಎಜೆಕೀಲ್ ಅದನ್ನು ಪೂರ್ಣವಾಗಿ ವಿವರಿಸಿ, ಯಾವ ಬೆಳೆಗೆ ಇದು ಅನ್ವಯಿಸುತ್ತದೆ ಎಂಬುದಕ್ಕೆ ಷರತ್ತುಗಳನ್ನು ಹೇಳಿದರು. ಇಂದಿನ ಬೆಲೆ ನೋಡಿ ನಾಳಿನ ಉತ್ಪಾದನೆ ನಿರ್ಧಾರವಾಗಬೇಕು. ತೀರ್ಮಾನಕ್ಕೂ ಫಸಲಿಗೂ ನಡುವೆ ಕಾಲ ಬೇಕು. ಬಂದ ಮಾಲು ಬಂದ ದರಕ್ಕೇ ಖರ್ಚಾಗಬೇಕು. ಕೋಲಾರದ ಟೊಮೆಟೊ ಈ ಮೂರಕ್ಕೂ ಹೇಳಿ ಮಾಡಿಸಿದಂತಿದೆ.

ಬೆಲೆ ಏಕೆ ಇಷ್ಟು ವಿಪರೀತ ಹಾರುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಉತ್ತರವೊಂದಿದೆ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ರೆಗರಿ ಕಿಂಗ್ ಹಾಕಿದ್ದೆಂದು ಹೇಳಲಾಗುವ, ಚಾರ್ಲ್ಸ್ ಡೇವನೆಂಟ್ ಪ್ರಕಟಿಸಿದ ಲೆಕ್ಕ ಅದು. ಗೋಧಿಯ ಫಸಲು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಎರಡು ಪಾಲು ಕಡಿಮೆಯಾದರೆ ಎಂಟು ಪಾಲು. ಮೂರು ಪಾಲು ಕಡಿಮೆಯಾದರೆ ಹದಿನಾರು. ನಿತ್ಯ ಬೇಕಾದ, ಬಿಟ್ಟಿರಲಾಗದ ಪದಾರ್ಥಕ್ಕೆ ಸಣ್ಣ ಕೊರತೆಯೂ ದೊಡ್ಡ ಬೆಲೆ ತರುತ್ತದೆ ಎಂಬುದು ಇದರ ತಿರುಳು. ನಮ್ಮ ಸಾರಿಗೆ, ಗೊಜ್ಜಿಗೆ, ಟೊಮೆಟೊ ಬಾತಿಗೆ ಬೇಕಾದಷ್ಟು ಬೇಕೇ ಬೇಕು; ಹುಣಸೆಹುಳಿ ಸ್ವಲ್ಪ ಮಟ್ಟಿಗೆ ಮಾತ್ರ ಅದರ ಜಾಗ ತುಂಬೀತು. ಇದೇ ಲೆಕ್ಕ ತಿರುಗಾಮುರುಗಾ ಕೂಡ ಕೆಲಸ ಮಾಡುತ್ತದೆ. ಕೆ.ಜಿ. ಐದು ರೂಪಾಯಿಗೆ ಇಳಿಯಿತೆಂದು ಯಾರೂ ಸಾರಿಗೆ ನಾಲ್ಕು ಪಟ್ಟು ಹಣ್ಣು ಹಾಕುವುದಿಲ್ಲ. ಹಾಗಾಗಿ ಕಾಲು ಭಾಗ ಹೆಚ್ಚು ಮಾಲು ಬಂದರೂ ದರ ಕಾಲು ಭಾಗ ಇಳಿದು ನಿಲ್ಲುವುದಿಲ್ಲ, ನೆಲ ಕಚ್ಚುತ್ತದೆ.

ಇದನ್ನು ಒಪ್ಪದವರ ಮೊದಲ ಮಾತು ಹವಾಮಾನದ್ದು. 2023ರ ಮಾರ್ಚ್-ಏಪ್ರಿಲಿನಲ್ಲಿ ಅಕಾಲಿಕ ಮಳೆ ಬಂತು, ಬಿಸಿಲು ಹೆಚ್ಚಿತು; ಕೋಲಾರದಲ್ಲಿ ಬಿಳಿ ನೊಣ ಹರಡುವ ಎಲೆ ಮುಟುರು ರೋಗ, ಮಹಾರಾಷ್ಟ್ರದಲ್ಲಿ ಬೇರೆ ವೈರಸ್ಸುಗಳು ಬೆಳೆ ಹಾಳು ಮಾಡಿದವು. ಇದೆಲ್ಲ ನಿಜ. ಆದರೆ ಮಳೆ, ರೋಗಗಳು ಮೊದಲ ಪೆಟ್ಟನ್ನು ವಿವರಿಸುತ್ತವೆ, ಆ ಪೆಟ್ಟಿನ ನಂತರದ ಓಲಾಟವನ್ನು ವಿವರಿಸುವುದಿಲ್ಲ. ಕೊರತೆಯೇ ಕಾರಣವಾಗಿದ್ದರೆ ರೋಗ ಇಳಿದ ಮೇಲೆ ದರ ಸಾಮಾನ್ಯ ಮಟ್ಟಕ್ಕೆ ಬಂದು ನಿಲ್ಲಬೇಕಿತ್ತು. ಅದು ಸಾಮಾನ್ಯ ಮಟ್ಟವನ್ನು ದಾಟಿ, ಬೆಳೆದವನ ಖರ್ಚೂ ಹುಟ್ಟದಷ್ಟು ಕೆಳಗೆ ಹೋಯಿತು. ಜತೆಗೆ, ರೋಗ ಹರಡುವುದರಲ್ಲೂ ಬೆಲೆಯ ಕೈವಾಡವಿದೆ: ದರವಿಲ್ಲದ ತೋಟಕ್ಕೆ ಯಾರೂ ಔಷಧಿ ಹೊಡೆಯುವುದಿಲ್ಲ, ಗಿಡ ಕಿತ್ತು ಹೊಲ ಶುಚಿ ಮಾಡುವ ಕೂಲಿಯನ್ನೂ ಕೊಡುವುದಿಲ್ಲ, ಬಿಟ್ಟ ತೋಟದ ಬಿಳಿ ನೊಣ ಪಕ್ಕದ ತೋಟಕ್ಕೆ ಹೋಗುತ್ತದೆ.

ಎರಡನೆಯ ಮಾತು ದಲ್ಲಾಳಿಯದು. ಗ್ರಾಹಕ ಕೊಡುವ ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ಸಿಗುವುದು ಸುಮಾರು 33 ಪೈಸೆ ಎಂದು 2024ರಲ್ಲಿ ರಿಸರ್ವ್ ಬ್ಯಾಂಕಿನ ಅಧ್ಯಯನ ಪ್ರಬಂಧವೊಂದು ಅಂದಾಜಿಸಿತು. ಈರುಳ್ಳಿಗೆ 36, ಆಲೂಗಡ್ಡೆಗೆ 37. ಉಳಿದದ್ದು ಸಾಗಣೆ, ಹಾಳಾಗುವ ಮಾಲಿನ ನಷ್ಟ, ಕಮಿಷನ್, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಲಾಭ. ಈ ಹಂಚಿಕೆ ನ್ಯಾಯವಲ್ಲ, ಅದರ ವಿರುದ್ಧ ರೈತಸಂಘಗಳು ಎತ್ತುವ ದನಿಯಲ್ಲಿ ಅರ್ಥವಿದೆ. ಆದರೆ ಮಧ್ಯವರ್ತಿ ಮೇ ತಿಂಗಳಲ್ಲೂ ಇದ್ದ, ಜುಲೈನಲ್ಲೂ ಇದ್ದ, ಸೆಪ್ಟೆಂಬರಿನಲ್ಲೂ ಇದ್ದ. ಸದಾ ಇರುವ ಸಂಗತಿ ಸದಾ ಬದಲಾಗುವ ಬೆಲೆಗೆ ಕಾರಣವಾಗಲಾರದು. ಬಚ್ಚಿಟ್ಟು ಕೃತಕ ಅಭಾವ ಸೃಷ್ಟಿಸಿದರು ಎಂಬ ಆರೋಪ ಈರುಳ್ಳಿಗೆ ಒಮ್ಮೊಮ್ಮೆ ಒಪ್ಪೀತು, ಏಕೆಂದರೆ ಹಿಂಗಾರಿನ ಈರುಳ್ಳಿಯನ್ನು ನಾಲ್ಕೈದು ತಿಂಗಳು ಇಡಬಹುದು. ಹಣ್ಣಾದ ಟೊಮೆಟೊವನ್ನು ಯಾರು ಎಲ್ಲಿ ಬಚ್ಚಿಡುತ್ತಾರೆ?

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ಅದು ಬಂದದ್ದು ವಿದ್ವಾಂಸರ ಒಳಗಿನಿಂದಲೇ. ಈ ಸಿದ್ಧಾಂತ ರೈತನನ್ನು ಪಾಠ ಕಲಿಯದ ದಡ್ಡನನ್ನಾಗಿ ಮಾಡುತ್ತದೆ ಎಂಬುದು ಅದರ ಸಾರ. ಪ್ರತಿ ಬಾರಿಯೂ ಏರಿದ ಬೆಲೆ ಇಳಿಯುವುದನ್ನು ಕಂಡವನು ಮತ್ತೆ ಏರಿದ ಬೆಲೆಯನ್ನೇ ನಂಬಿ ಏಕೆ ನಾಟಿ ಮಾಡಿಯಾನು? 1935ರಲ್ಲಿ ರೊನಾಲ್ಡ್ ಕೋಸ್ ಮತ್ತು ಫೌಲರ್ ಬ್ರಿಟನ್ನಿನ ಹಂದಿ ಸಾಕಣೆಯ ಅಂಕಿಅಂಶ ನೋಡಿ, ಸಿದ್ಧಾಂತದ ಪ್ರಕಾರ ಎರಡು ವರ್ಷಕ್ಕೆ ಮುಗಿಯಬೇಕಿದ್ದ ಚಕ್ರ ನಾಲ್ಕು ವರ್ಷ ಹಿಡಿಯುತ್ತಿದೆ, ಸಾಕುವವರು ಸುಮ್ಮನೆ ಇಂದಿನ ದರವನ್ನೇ ನಂಬುವವರಲ್ಲ ಎಂದು ವಾದಿಸಿದರು. 1961ರಲ್ಲಿ ಜಾನ್ ಮ್ಯೂತ್ ಇನ್ನೂ ಮುಂದೆ ಹೋಗಿ, ಜನ ತಮಗೆ ದೊರೆತ ಮಾಹಿತಿಯನ್ನೆಲ್ಲ ಬಳಸಿ ವಿವೇಕದಿಂದಲೇ ಮುನ್ನೋಟ ಮಾಡುತ್ತಾರೆ ಎಂದರು. ಮುಂದೆ ರಾಬರ್ಟ್ ಲ್ಯೂಕಸ್ ಅವರಿಗೆ 1995ರ ನೊಬೆಲ್ ತಂದ ಆಲೋಚನೆಯ ಬೇರು ಅಲ್ಲಿದೆ. ನಮ್ಮಲ್ಲೂ 1963ರಲ್ಲಿ ರಾಜ್ ಕೃಷ್ಣ, ಅವಿಭಜಿತ ಪಂಜಾಬಿನ ರೈತರು ಬೆಲೆಯ ಸುಳಿವು ಹಿಡಿದು ಬೆಳೆ ಬದಲಿಸುತ್ತಿದ್ದರೆಂದು ಅಂಕಿಅಂಶಗಳಿಂದ ತೋರಿಸಿ, ಸಂಪ್ರದಾಯಕ್ಕೆ ಅಂಟಿಕೊಂಡ ಬಡರೈತನ ಚಿತ್ರವನ್ನು ಅಳಿಸಿಹಾಕಿದರು.

ಈ ಆಕ್ಷೇಪವನ್ನು ಒಪ್ಪಿಯೂ ಚಕ್ರವನ್ನು ವಿವರಿಸಬಹುದು. ರೈತ ವಿವೇಕಿಯೇ ಸರಿ, ಆದರೆ ವಿವೇಕಕ್ಕೆ ಮಾಹಿತಿ ಬೇಕು. ಜುಲೈನಲ್ಲಿ ನಾಟಿ ಮಾಡುವವನಿಗೆ ಬೇಕಾದ ಒಂದೇ ಒಂದು ಸಂಗತಿ, ಅದೇ ವಾರ ಆಂಧ್ರದ ಮದನಪಲ್ಲಿಯಲ್ಲಿ, ಮಹಾರಾಷ್ಟ್ರದ ನಾರಾಯಣಗಾಂವ್‌ನಲ್ಲಿ, ಪಕ್ಕದ ತಾಲ್ಲೂಕಿನಲ್ಲಿ ಎಷ್ಟು ಎಕರೆ ನಾಟಿಯಾಗುತ್ತಿದೆ ಎಂಬುದು. ಅದನ್ನು ಅವನಿಗೆ ಯಾರೂ ಹೇಳುವುದಿಲ್ಲ. ಅವನ ಕಣ್ಣಿಗೆ ಬೀಳುವುದು ಇಂದಿನ ಹರಾಜಿನ ದರ ಮಾತ್ರ. ಇದಲ್ಲದೆ ಕೈಯಲ್ಲಿ ಕಾಸಿರುವುದೂ ದರ ಏರಿದಾಗಲೇ. ಸಾಲ ಹುಟ್ಟುವುದೂ ಆಗಲೇ. ದರ ಬಿದ್ದಾಗ ನಾಟಿ ಮಾಡಿದವನಿಗೇ ಮುಂದೆ ಲಾಭ ಎಂದು ಗೊತ್ತಿದ್ದವನೂ, ಹಿಂದಿನ ಬೆಳೆಯಲ್ಲಿ ಕಳೆದುಕೊಂಡ ಮೇಲೆ ಯಾವ ದುಡ್ಡಿನಲ್ಲಿ ನಾಟಿ ಮಾಡಬೇಕು? ಒಬ್ಬೊಬ್ಬನ ಮಟ್ಟಿಗೆ ಸರಿಯಾದ ಲೆಕ್ಕ ಎಲ್ಲರೂ ಮಾಡಿದಾಗ ತಪ್ಪಾಗುತ್ತದೆ. ದಡ್ಡತನ ಜನರದ್ದಲ್ಲ, ವ್ಯವಸ್ಥೆಯದ್ದು.

ಮೊಬೈಲ್ ಬಂದ ಮೇಲೆ ಮಾಹಿತಿಯ ಕೊರತೆ ಎಲ್ಲಿದೆ ಎಂದು ಕೇಳಬಹುದು. ಇದಕ್ಕೆ ಕೇರಳದ ಕರಾವಳಿಯಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಒರೆಗಲ್ಲು. 1997ರಿಂದ 2001ರ ನಡುವೆ ಮೊಬೈಲ್ ಗೋಪುರಗಳು ಉತ್ತರ ಕೇರಳದ ಒಂದೊಂದೇ ಭಾಗಕ್ಕೆ ಬಂದವು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಬೂತಾಯಿ ಮೀನನ್ನು ಎಸೆಯುತ್ತಿದ್ದರೆ, ಹತ್ತು ಹದಿನೈದು ಕಿಲೋಮೀಟರ್ ಆಚೆ ಮೀನಿಲ್ಲದೆ ವ್ಯಾಪಾರಿಗಳು ಬರಿಗೈಯಲ್ಲಿ ಹೋಗುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯವರು ಸಮುದ್ರದಿಂದಲೇ ದರ ವಿಚಾರಿಸಿ ದಡ ಆರಿಸಿಕೊಂಡರು. ಊರೂರಿನ ದರದ ಅಂತರ ಕುಗ್ಗಿತು, ಮೀನು ಎಸೆಯುವುದು ಬಹುಮಟ್ಟಿಗೆ ನಿಂತಿತು, ಮೀನುಗಾರನ ಲಾಭ ಏರಿತು, ಗ್ರಾಹಕನ ದರ ಇಳಿಯಿತು. ಗಮನಿಸಿ, ಫೋನ್ ಅಳಿಸಿದ್ದು ಜಾಗದಿಂದ ಜಾಗಕ್ಕಿದ್ದ ಅಂತರವನ್ನು. ಇಂದಿನಿಂದ ಮೂರು ತಿಂಗಳಾಚೆಗಿನ ಅಂತರವನ್ನು ಅದು ಮುಟ್ಟಲಾರದು. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೋಲಾರದ ದರ ಬೆಳಿಗ್ಗೆಯೇ ಎಲ್ಲ ಊರಿಗೂ ತಲುಪುವುದರಿಂದ ಎಲ್ಲರ ತೀರ್ಮಾನವೂ ಒಂದೇ ದಿಕ್ಕಿಗೆ ವಾಲುವ ಸಾಧ್ಯತೆಯೇ ಹೆಚ್ಚು. ಇಂದಿನ ಬೆಲೆ ಹಳೆಯ ತೀರ್ಮಾನಗಳ ಫಲ. ಅದನ್ನು ಮುಂದಿನ ಸೂಚನೆಯೆಂದು ಓದುವುದೇ ತೊಂದರೆ.

ಸರ್ಕಾರವೂ ಹಾಗೇ ಓದುತ್ತದೆ. 2023ರ ಜುಲೈನಲ್ಲಿ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಜಿಗಿಯಿತು. ಆಗಿನ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಟೊಮೆಟೊದ ಪಾಲು ಶೇ 0.57 ಮಾತ್ರ, ಆದರೂ ಹಿಂದಿನ ಜುಲೈಗಿಂತ ಮೂರು ಪಟ್ಟಾದ ಅದರ ಬೆಲೆ ಸೂಚ್ಯಂಕವನ್ನೇ ಮೇಲೆತ್ತಿತು. ರಿಸರ್ವ್ ಬ್ಯಾಂಕ್ ಆಗಸ್ಟಿನಲ್ಲಿ ರೆಪೊ ದರವನ್ನು ಶೇ 6.5ರಲ್ಲೇ ಉಳಿಸಿ, ಮುಂದಿನ ಹಣದುಬ್ಬರದ ಅಂದಾಜನ್ನು ಏರಿಸಿತು. ಕೇಂದ್ರ ಸರ್ಕಾರ ಜುಲೈ ಮಧ್ಯದಿಂದ ಎನ್‌ಸಿಸಿಎಫ್, ನಾಫೆಡ್ ಸಹಕಾರ ಸಂಸ್ಥೆಗಳ ಮೂಲಕ ಕೆ.ಜಿ.ಗೆ 90 ರೂಪಾಯಿಯಂತೆ ಮಾರಿಸಿ, ಹಂತಹಂತವಾಗಿ 40ಕ್ಕೆ ಇಳಿಸಿತು. ನೇಪಾಳದಿಂದ ಆಮದಾಗುತ್ತಿದೆ ಎಂದು ಹಣಕಾಸು ಸಚಿವೆ ಆಗಸ್ಟ್ 10ರಂದು ಸಂಸತ್ತಿಗೆ ತಿಳಿಸಿದರು. ನಗರದ ಬಡವರಿಗೆ ಅಷ್ಟು ದಿನ ನೆಮ್ಮದಿ ಸಿಕ್ಕಿದ್ದು ಸುಳ್ಳಲ್ಲ. ಆದರೆ ಆ ಹೊತ್ತಿಗೆ ಸೆಪ್ಟೆಂಬರಿನ ಹಣ್ಣು ಹೊಲದಲ್ಲಿ ಹೂ ಕಚ್ಚಿತ್ತು. ಬೆಲೆ ತಾನಾಗಿಯೇ ಇಳಿಯಲಿದ್ದಾಗ ಇಳಿಸುವ ಕ್ರಮ, ಬೆಲೆ ಕುಸಿದಾಗ ಮೌನ: ಚಕ್ರವನ್ನು ತಡೆಯಲು ಇದು ನೆರವಾಗದು. ದರ ತುದಿ ತಲುಪಿದ ದಿನ ಕೈಗೊಳ್ಳುವ ಕ್ರಮ ಬಹುಪಾಲು ತಡವಾದ ಕ್ರಮವೇ.

ಹಾಗಾದರೆ ಶೈತ್ಯಾಗಾರ ಕಟ್ಟಿದರೆ ಸಾಲದೇ? 2018-19ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಘೋಷಣೆಯಾದದ್ದು ಇದೇ ಆಸೆಯಿಂದ. ಆದರೆ ಆಲೂಗಡ್ಡೆಯ ಕತೆ ಎಚ್ಚರಿಕೆ ಹೇಳುತ್ತದೆ. ಉತ್ತರ ಪ್ರದೇಶದಲ್ಲಿ ಶೈತ್ಯಾಗಾರಗಳಿಗೆ ಕೊರತೆಯಿಲ್ಲ. ಆದರೂ 2018ರ ಜನವರಿಯಲ್ಲಿ ಲಖನೌದ ವಿಧಾನಸಭೆಯ ಮುಂದೆ ಆಲೂಗಡ್ಡೆ ಸುರಿದು ಪ್ರತಿಭಟಿಸಲಾಯಿತು. ಹೆಚ್ಚುವರಿ ಮಾಲನ್ನು ಮುಂದಿನ ತಿಂಗಳಿಗೆ ತಳ್ಳಲು ದಾಸ್ತಾನು ನೆರವಾಗುತ್ತದೆ, ಮುಂದಿನ ತಿಂಗಳೂ ಹೆಚ್ಚುವರಿಯೇ ಇದ್ದರೆ ಅದು ಹೊರೆಯಾಗುತ್ತದೆ. ಸಾಸು, ಪೇಸ್ಟಿನ ಕಾರ್ಖಾನೆಗಳದೂ ಇದೇ ಕಷ್ಟ. ಕಾರ್ಖಾನೆಗೆ ಬೇಕಾದದ್ದು ಗಟ್ಟಿ ತಿರುಳಿನ ತಳಿ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ದರ. ಸಾರಿಗೆಂದು ಬೆಳೆದ ನೀರುಹಣ್ಣನ್ನು, ಅದೂ ಬೆಲೆ ಬಿದ್ದ ವಾರಗಳಲ್ಲಿ ಮಾತ್ರ ಸಿಗುವುದನ್ನು ನಂಬಿ ಯಾರೂ ಯಂತ್ರ ಕೂರಿಸುವುದಿಲ್ಲ.

ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕೋಲಾರದ ಅದೇ ರೈತನ ಮನೆಯಿಂದ ದಿನಕ್ಕೆರಡು ಬಾರಿ ಹಾಲು ಡೇರಿಗೆ ಹೋಗುತ್ತದೆ. ಹಾಲು ಟೊಮೆಟೊಗಿಂತ ಬೇಗ ಕೆಡುತ್ತದೆ, ಅದಕ್ಕೂ ಹೆಚ್ಚು ಸಿಗುವ ಕಾಲ, ಕಡಿಮೆ ಸಿಗುವ ಕಾಲ ಇದೆ. ಆದರೂ ಇಂದು ಹಾಕಿದ ಹಾಲಿಗೆ ಎಷ್ಟು ಬರುತ್ತದೆಂದು ಮನೆಯವರಿಗೆ ಮೊದಲೇ ಗೊತ್ತು. ಹಾಲು ಒಕ್ಕೂಟ ಕೊಬ್ಬು, ಜಿಡ್ಡೇತರ ಅಂಶ ಅಳೆದು ನಿಗದಿತ ದರ ಕೊಡುತ್ತದೆ, ಹೆಚ್ಚಾದದ್ದನ್ನು ಪುಡಿ, ಬೆಣ್ಣೆ ಮಾಡಿಡುತ್ತದೆ, ನಷ್ಟವನ್ನು ಒಂದು ಋತುವಿನಿಂದ ಇನ್ನೊಂದಕ್ಕೆ ಹೊಂದಿಸುತ್ತದೆ. ಇದರಲ್ಲಿ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವಿದೆ, ಹಸು ಕಟ್ಟಿದವನು ಬೆಲೆ ನೋಡಿ ಮೂರು ತಿಂಗಳಿಗೊಮ್ಮೆ ಮನಸ್ಸು ಬದಲಿಸುವಂತಿಲ್ಲ ಎಂದು ಆಕ್ಷೇಪಿಸಬಹುದು. ಎರಡೂ ನಿಜ, ಟೊಮೆಟೊಗೆ ಹಾಲು ಒಕ್ಕೂಟದ ಮಾದರಿಯನ್ನು ನಕಲು ಮಾಡಲಾಗದು. ಕಲಿಯಬೇಕಾದದ್ದು ತತ್ವವನ್ನು: ಬೆಲೆ ತಿಳಿಯುವುದು ಉತ್ಪಾದನೆಯ ತೀರ್ಮಾನಕ್ಕೆ ಮೊದಲೇ ಆಗಬೇಕು. ಅಮೆರಿಕದ ಕಾರ್ಖಾನೆಗಳಿಗೆ ಬೇಕಾದ ಟೊಮೆಟೊದ ಬಹುಪಾಲನ್ನು ಬೆಳೆಯುವ ಕ್ಯಾಲಿಫೋರ್ನಿಯಾದಲ್ಲಿ ಬೆಳೆಗಾರರ ಸಂಘ ಪ್ರತಿವರ್ಷ ಕಾರ್ಖಾನೆಗಳ ಜತೆ ಕೂತು ಚೌಕಾಶಿ ಮಾಡಿ ದರ ಕುದುರಿಸುತ್ತದೆ. ಎಷ್ಟು ನಾಟಿ ಎಂಬುದು ಒಪ್ಪಂದದ ಮೇಲೆ ನಿಲ್ಲುತ್ತದೆ.

ನಮ್ಮಲ್ಲಿ ಇದಕ್ಕೆ ಮೊದಲ ಹೆಜ್ಜೆ ಅಗ್ಗದ್ದು. ಸಸಿ ಮಾರುವ ನರ್ಸರಿಯ ಬಿಲ್ಲು ಪುಸ್ತಕದಲ್ಲಿ ಎರಡೂವರೆ ತಿಂಗಳ ನಂತರದ ಮಾರುಕಟ್ಟೆ ಬರೆದಿದೆ. ಜಿಲ್ಲೆಯ ನರ್ಸರಿಗಳಿಂದ ವಾರಕ್ಕೆ ಎಷ್ಟು ಲಕ್ಷ ಸಸಿ ಹೊರಟಿತೆಂಬುದನ್ನು ತೋಟಗಾರಿಕೆ ಇಲಾಖೆ ಕೂಡಿಸಿ, ಹಿಂದಿನ ವರ್ಷಗಳ ಅದೇ ವಾರದ ಜತೆ ಹೋಲಿಸಿ, ಎಪಿಎಂಸಿ ದರಪಟ್ಟಿಯ ಪಕ್ಕದಲ್ಲೇ ಹಾಕಬಹುದು. ಆಂಧ್ರ, ಮಹಾರಾಷ್ಟ್ರ ಕೈಜೋಡಿಸಿದರೆ ಚಿತ್ರ ಪೂರ್ಣವಾಗುತ್ತದೆ. ಅದನ್ನು ನೋಡಿ ಎಲ್ಲರೂ ಒಟ್ಟಿಗೆ ಹಿಂದೆ ಸರಿದರೆ ಮತ್ತೆ ಕೊರತೆಯಾಗದೇ ಎಂಬ ಪ್ರಶ್ನೆಗೆ ಉತ್ತರ, ಮುಂದಿನ ವಾರದ ಅಂಕಿ ಅದನ್ನೂ ತೋರಿಸುತ್ತದೆ ಎಂಬುದು. ತಪ್ಪು ಮೂರು ತಿಂಗಳ ಬದಲು ಏಳು ದಿನದಲ್ಲಿ ಕಣ್ಣಿಗೆ ಬೀಳುತ್ತದೆ.

ಈ ಸಿದ್ಧಾಂತ ಭವಿಷ್ಯ ಹೇಳುವುದಿಲ್ಲ. ಮುಂದಿನ ವೈರಸ್ ಎಂದು ಬರುತ್ತದೆ, ಮಳೆ ಎಷ್ಟು ಬೀಳುತ್ತದೆ ಎಂಬುದು ಅದರ ಕೈಯಲ್ಲಿಲ್ಲ; ಚಕ್ರ ಎಷ್ಟು ದೊಡ್ಡದಾಗಿ ತಿರುಗುತ್ತದೆಂದೂ ಅದು ಕರಾರುವಾಕ್ಕಾಗಿ ಹೇಳಲಾರದು. ಅದು ಕೊಡುವುದು ಸುದ್ದಿ ಓದುವ ಕ್ರಮವೊಂದನ್ನು. ಬೆಲೆ ಗಗನಕ್ಕೇರಿತೆಂಬ ತಲೆಬರಹ ಕಂಡಾಗ ಮೂರು ತಿಂಗಳ ಹಿಂದೆ ಬೆಲೆ ಎಷ್ಟಿತ್ತೆಂದು ಹುಡುಕಿ, ಪಾತಾಳಕ್ಕಿಳಿಯಿತೆಂದಾಗಲೂ ಅಷ್ಟೇ. ಈರುಳ್ಳಿ, ಶುಂಠಿ, ಒಣಮೆಣಸಿನಕಾಯಿಗೂ ಕೇಳಬೇಕಾದ ಪ್ರಶ್ನೆ ಇದೇ, ಬದಲಾಗುವುದು ತಿಂಗಳುಗಳ ಲೆಕ್ಕ ಮಾತ್ರ. ಹೀಗೆ ಕೇಳತೊಡಗಿದ ಓದುಗ, ದರ ಏರಿದ ದಿನ ಅಗ್ಗದ ಅಂಗಡಿ ತೆರೆದ ಸರ್ಕಾರವನ್ನು ಹೊಗಳಿ ಸುಮ್ಮನಾಗುವುದಿಲ್ಲ. ದರ ನೆಲ ಕಚ್ಚಿದ್ದ ವಾರದಲ್ಲಿ, ಮುಂದಿನ ಬೆಳೆಯ ನಾಟಿ ನಿಲ್ಲದಂತೆ ಏನು ಮಾಡಿದಿರಿ ಎಂದು ಲೆಕ್ಕ ಕೇಳುತ್ತಾನೆ.